ಇಪ್ಪತ್ತೊಂದನೇ ದಿನದ ಹಳದಿ ಚೀಟಿ

ದಾರಿ ತಪ್ಪಿದ ರಾಜಕುಮಾರರಿಗೆ ದಾರಿ ತೋರಿಸುವ ಮುದುಕಿಯರು ಕಥೆಗಳಲ್ಲಿ ಕಾಡಿನ ಅಂಚಿನಲ್ಲಿ ಕೂತಿರುತ್ತಾರೆ. ಈ ಕಥೆಯ ಅತ್ತೆ ಕೂತಿರುತ್ತಿದ್ದದ್ದು ಅಂಚೆ ಕಚೇರಿಯ ಹಿಂಭಾಗದ ಹಜಾರದಲ್ಲಿ, ಕಿಟಕಿ ಪಕ್ಕದ ಕೊನೆಯ ಮೇಜಿನ ಮುಂದೆ. ಅವಳಿಗಿನ್ನೂ ಮೂವತ್ತೆರಡು; ಮುದುಕಿಯಾಗಲು ಬೇಕಾದಷ್ಟು ಕಾಲವಿತ್ತು. ದಾರಿ ತಪ್ಪಿ ಅವಳ ಮುಂದೆ ಬಂದು ಬೀಳುತ್ತಿದ್ದವರು ರಾಜಕುಮಾರರಲ್ಲ, ಪಾರ್ಸೆಲ್‌ಗಳು. ನೀರಿನಲ್ಲಿ ನೆನೆದು ಅಕ್ಷರ ಕಲಸಿಹೋದವು, ಮನೆ ನಂಬರು ಮರೆತವು, 'ದೊಡ್ಡ ಮರದ ಎದುರು, ನೀಲಿ ಗೇಟು' ಎಂದಷ್ಟೇ ಮೈಮೇಲೆ ಬರೆಸಿಕೊಂಡು ಧೈರ್ಯವಾಗಿ ಹೊರಟುಬಂದವು.

ಅಂಥವನ್ನೆಲ್ಲ ಅವಳು ಬೆನ್ನ ಹಿಂದಿನ ಕಬ್ಬಿಣದ ರ‍್ಯಾಕಿನಲ್ಲಿ ಇಡುತ್ತಿದ್ದಳು. ಅದಕ್ಕೆ ಇಪ್ಪತ್ತೊಂದು ದಿನದ ರ‍್ಯಾಕು ಎಂದೇ ಹೆಸರು. ಅಷ್ಟು ದಿನದೊಳಗೆ ಯಾರಾದರೂ ಬಂದೋ ಫೋನು ಮಾಡಿಯೋ 'ನಮ್ಮದೊಂದು ಪಾರ್ಸೆಲ್ ಬರಬೇಕಿತ್ತಲ್ಲ' ಎಂದು ಕೇಳಿದರೆ, ಅತ್ತೆ ಅದರ ಮೇಲೆ ಒಂದು ಹಳದಿ ಚೀಟಿ ಅಂಟಿಸುತ್ತಿದ್ದಳು. ಚೀಟಿಯ ಮೇಲೆ ಒಂದೇ ಮಾತು: 'ಕೇಳಿದ್ದಾರೆ.' ಆ ಚೀಟಿ ಬಿತ್ತೆಂದರೆ ಆ ಪಾರ್ಸೆಲ್ಲನ್ನು ಯಾರೂ ಕದಲಿಸುವಂತಿಲ್ಲ. ಯಾರೂ ಕೇಳದಿದ್ದರೆ ಇಪ್ಪತ್ತೊಂದನೇ ದಿನ ಅದು ದೊಡ್ಡ ಚೀಲ ಸೇರಿ ದೂರದ ಗೋದಾಮಿಗೆ ಹೋಗುತ್ತಿತ್ತು. ಆಮೇಲೆ ಅದರ ಗತಿ ಏನು ಎಂದು ಅತ್ತೆಗೂ ಗೊತ್ತಿರಲಿಲ್ಲ.

ಇಂಥ ಅತ್ತೆಯ ಎರಡು ಕೋಣೆಯ ಮನೆಗೆ, ಒಂದು ಚಳಿಯ ಸಂಜೆ, ಅವಳ ಅಣ್ಣ ತನ್ನಿಬ್ಬರು ಹೆಣ್ಣುಮಕ್ಕಳನ್ನು ತಂದು ಬಿಟ್ಟ. ಅತ್ತಿಗೆಗೆ ಹಿಂದಿನ ದಿನವಷ್ಟೇ ಗಂಡುಮಗುವಾಗಿತ್ತು. ಹೊರಗೇನೋ ಹಬ್ಬವಿದೆ ಎಂದುಕೊಂಡವನ ಹಾಗೆ ಎರಡು ತಿಂಗಳು ಮುಂಚೆಯೇ ಅವಸರ ಮಾಡಿ ಬಂದಿದ್ದ ಕೂಸು. ರೈಲಿನಲ್ಲಿ ಆರು ಗಂಟೆ ದೂರದ ದೊಡ್ಡ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಅಣ್ಣ ಕಾಫಿಯನ್ನೂ ಕುಡಿಯದೆ ಅದೇ ರೈಲಿಗೆ ವಾಪಸು ಓಡಿದ್ದ.

ದೊಡ್ಡವಳಿಗೆ ಒಂಬತ್ತು ವರ್ಷ. ಸಾಕ್ಷಿ ಸಮೇತ ವಾದ ಮಾಡದೆ ಹಲ್ಲು ಕೂಡ ಉಜ್ಜುತ್ತಿರಲಿಲ್ಲವಾದ್ದರಿಂದ ಮನೆಯವರೆಲ್ಲ ಅವಳನ್ನು ಲಾಯರಮ್ಮ ಎನ್ನುತ್ತಿದ್ದರು. ಚಿಕ್ಕವಳಿಗೆ ಐದು. ಎದ್ದಾಗಿನಿಂದ ಮಲಗುವ ತನಕ ಗುಂಯ್ ಎನ್ನುತ್ತಲೇ ಇರುವ ಅವಳು ಜೀರುಂಡೆ. ಬಾಗಿಲಲ್ಲಿ ದಪ್ಪ ಕೋಟು ಹಾಕಿಕೊಂಡು, ಕೈಯಲ್ಲಿ ಗಂಟು ಹಿಡಿದು, ಕಣ್ಣು ಪಿಳಿಪಿಳಿ ಬಿಡುತ್ತ ನಿಂತಿದ್ದ ಇಬ್ಬರನ್ನೂ ನೋಡಿದ ಅತ್ತೆಗೆ ಏನು ಮಾತಾಡಬೇಕೋ ತೋಚಲಿಲ್ಲ. ಮಕ್ಕಳ ಜೊತೆ ಅವಳಿಗೆ ಅಷ್ಟು ರೂಢಿಯಿರಲಿಲ್ಲ. ತನ್ನ ಕೆಲಸದ ಮಾತೇ ಬಾಯಿಗೆ ಬಂತು.

"ಬನ್ನಿ ಬನ್ನಿ. ವಿಳಾಸ ತಪ್ಪಿ ಬಂದಿರೋ ಎರಡು ಪಾರ್ಸೆಲ್‌ಗಳು! ನನ್ನ ರ‍್ಯಾಕಲ್ಲಿ ಜಾಗ ಇದ್ಯಾ ನೋಡ್ತೀನಿ."

ಲಾಯರಮ್ಮ ಮರ್ಯಾದೆಗೆಂದು ಸ್ವಲ್ಪ ನಕ್ಕಳು. ಜೀರುಂಡೆ ನಗಲಿಲ್ಲ. ರಾತ್ರಿ ಹಾಸಿಗೆಯಲ್ಲಿ, "ಅತ್ತೆ, ವಿಳಾಸ ತಪ್ಪಿದ ಪಾರ್ಸೆಲ್ನ ಏನ್ಮಾಡ್ತೀರಿ?" ಎಂದು ಕೇಳಿದಳು. ಸದ್ಯ, ಮಗು ಅಮ್ಮನ ಧ್ಯಾನ ಬಿಟ್ಟು ಬೇರೆ ಮಾತಾಡಿತಲ್ಲ ಎಂದು ಅತ್ತೆ ಖುಷಿಯಿಂದ ರ‍್ಯಾಕು, ಚೀಟಿ, ಚೀಲ ಎಲ್ಲವನ್ನೂ ಕಥೆಯ ಹಾಗೆ ಹೇಳಿದಳು. ಮಕ್ಕಳ ಮುಂದೆ ಆಡಿದ ಮಾತು ಬಿತ್ತಿದ ಬೀಜ, ಯಾವ ಮೂಲೆಯಲ್ಲಿ ಮೊಳೆಯುತ್ತೋ ಹೇಳೋಕಾಗಲ್ಲ ಎಂದು ಅವಳಜ್ಜಿ ಹೇಳುತ್ತಿದ್ದಳು. ಅದು ಆಗ ಅವಳಿಗೆ ನೆನಪಾಗಲಿಲ್ಲ.

ಎರಡನೇ ದಿನ ಅಣ್ಣ ಫೋನು ಮಾಡಿದಾಗ ಜೀರುಂಡೆ ಅಪ್ಪನ ದನಿ ಕೇಳಿ ಅತ್ತೂ ಅತ್ತೂ, ಕುಡಿದ ಹಾಲನ್ನೆಲ್ಲ ಅತ್ತೆಯ ಮಡಿಲಿಗೇ ಕಾರಿಕೊಂಡಳು. ಹುಣ್ಣನ್ನು ದಿನಾ ಕೆರೆಯುವುದು ಬೇಡವೆಂದು ಅತ್ತೆಯೇ ಒಂದು ತೀರ್ಮಾನ ಮಾಡಿದಳು. "ಮಕ್ಕಳು ಮಲಗಿದ ಮೇಲೆ ಮಾಡು ಅಣ್ಣ. ಎಲ್ಲ ನಾನು ಹೇಳ್ತೀನಿ" ಎಂದಳು. ಅಂದಿನಿಂದ ದಿನಾ ಒಂಬತ್ತರ ಮೇಲೆ ಫೋನು ಬರುತ್ತಿತ್ತು. ಏನು ಬಂದರೂ ತಾರೀಕು ಹಾಕಿ ಬರೆದಿಡುವುದು ಅತ್ತೆಯ ಕಚೇರಿ ಚಾಳಿ. ಮಾತು ಮುಗಿದೊಡನೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ 'ಅಣ್ಣ, 9.20' ಎಂದು ಇರುವೆಯಂಥ ಅಕ್ಷರದಲ್ಲಿ ಬರೆಯುತ್ತಿದ್ದಳು. ಬೆಳಿಗ್ಗೆ ಮಕ್ಕಳಿಗೆ, "ಅಪ್ಪ ಅಮ್ಮ ಚೆನ್ನಾಗಿದ್ದಾರೆ, ಪಾಪು ದಪ್ಪ ಆಗ್ತಿದೆ" ಎನ್ನುತ್ತಿದ್ದಳೇ ಹೊರತು ಫೋನು ಬಂದಿತ್ತೆಂದು ಹೇಳುತ್ತಿರಲಿಲ್ಲ.

ಹೀಗೇ ದಿನ ಉರುಳಿ ಚಳಿಗಾಲದ ರಜೆ ಬಂತು. ಒಂದೇ ರಾತ್ರಿಯಲ್ಲಿ ಲೋಕದ ಮಕ್ಕಳಿಗೆಲ್ಲ ಪೊಟ್ಟಣ ಹಂಚುವ ಉಡುಗೊರೆ ತಾತ ಹೊರಡುವ ದಿನವೂ ಬಂತು.

ದಿನಾ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆ ಟೀಚರು ಅವತ್ತು ಮಗಳ ಮನೆಗೆ ಹೋಗಿದ್ದರಿಂದ ಅತ್ತೆ ಇಬ್ಬರನ್ನೂ ಕಚೇರಿಗೆ ಕರೆದುಕೊಂಡು ಹೋದಳು. ವರ್ಷದಲ್ಲೇ ಅತಿ ಹೆಚ್ಚು ಪಾರ್ಸೆಲ್ ಬರುವ ದಿನ. ಹಜಾರದ ತುಂಬ ಅಂಟುಪಟ್ಟಿ ಹರಿಯುವ ಸದ್ದು, ರಟ್ಟಿನ ವಾಸನೆ. ಠಸ್ಸೆ ಹೊಡೆಯುವ ಹಿರಿಯ ಗುಮಾಸ್ತರಿಗೆ ಮಕ್ಕಳು ಹತ್ತು ನಿಮಿಷದಲ್ಲೇ ಠಸ್ಸೆ ಮಾಮ ಎಂದು ಹೆಸರಿಟ್ಟರು.

"ಮಾಮ, ಇವತ್ತು ನಾವು ತಾತನ್ನ ಕಂಪ್ಯೂಟರಲ್ಲಿ ನೋಡ್ತೀವಿ," ಎಂದಳು ಲಾಯರಮ್ಮ. "ಎಲ್ಲಿಂದ ಹೊರಟ, ಎಲ್ಲಿಗೆ ಬಂದ, ಎಲ್ಲಾ ಮ್ಯಾಪಲ್ಲಿ ಬರತ್ತೆ."

"ಹೌದೇನಮ್ಮ? ಇಡೀ ಪ್ರಪಂಚದ ಪಾರ್ಸೆಲ್ಲು ಒಂದೇ ರಾತ್ರೀಲಿ, ಒಂದೇ ಗಾಡೀಲಿ! ಆ ಮಹಾನುಭಾವನ್ನ ಒಂದು ವಾರ ನಮ್ಮ ಆಫೀಸಿಗೆ ಹಾಕಿಕೊಡೋಕೆ ಹೇಳು. ಮೂರನೇ ದಿನ ಗಡ್ಡ ಬೋಳಿಸ್ಕೊಂಡು ಓಡಿಹೋಗ್ತಾನೆ."

ಹಾಗೆನ್ನುತ್ತಲೇ ಠಸ್ಸೆ ಮಾಮ ರ‍್ಯಾಕಿನಿಂದ ಹಸಿರು ದಾರ ಕಟ್ಟಿದ ಪುಟ್ಟ ಪಾರ್ಸೆಲ್ಲೊಂದನ್ನು ಇಳಿಸಿ, ತಾರೀಕು ನೋಡಿ, "ಇದಕ್ಕೆ ಇವತ್ತಿಗೆ ಇಪ್ಪತ್ತೊಂದು. ಪಾಪ, ಯಾರೂ ಕೇಳ್ಲಿಲ್ಲ," ಎಂದು ಚೀಲದ ಬಾಯಿಗೆ ಹಾಕಿದರು. ಧಪ್ ಎಂದು ಸದ್ದಾಯಿತು.

ಅಲ್ಲಿಂದ ಮುಂದೆ ಜೀರುಂಡೆ ಗುಂಯ್ ಎನ್ನಲಿಲ್ಲ. ಹಸಿವಿರಬೇಕು ಎಂದು ಅತ್ತೆ ಎರಡು ಬಿಸ್ಕತ್ತು ಕೊಟ್ಟಳು. ಮಗು ಅವನ್ನು ತಿನ್ನದೆ ಕೋಟಿನ ಜೇಬಿನಲ್ಲಿಟ್ಟುಕೊಂಡಿತು.

ಮನೆಗೆ ಬಂದಾಗ ನಾಲ್ಕು ಗಂಟೆ. ಅಡುಗೆಮನೆಯ ಮೇಜಿನ ಮೇಲೆ ಅತ್ತೆಯ ಹಳೇ ಕಂಪ್ಯೂಟರನ್ನು ಇಟ್ಟು, ಮೂವರೂ ಒಂದೇ ಕಂಬಳಿ ಹೊದ್ದು ಕೂತರು. ಪರದೆಯ ಮೇಲೆ ನೀಲಿ ಭೂಪಟ. ಅದರ ಮೇಲೆ ನೊಣದಷ್ಟು ದೊಡ್ಡ ಗಾಡಿ, ಗಾಡಿಯಲ್ಲಿ ಕೆಂಪು ಟೋಪಿಯ ತಾತ. ಒಂದೊಂದು ಊರಿನಲ್ಲಿ ನಿಂತಾಗಲೂ ಟಿಣ್ ಎಂದು ಗಂಟೆ. ಮೂಲೆಯಲ್ಲಿ ಕೊಟ್ಟ ಉಡುಗೊರೆಗಳ ಸಂಖ್ಯೆ ನೋಡನೋಡುತ್ತಿದ್ದಂತೆ ಏರುತ್ತಿತ್ತು.

"ಇನ್ನೂ ಬೆಳಕಿದೆ, ಆಗ್ಲೇ ಹೊರಟುಬಿಟ್ನಾ?" ಎಂದಳು ಅತ್ತೆ.

"ಭೂಮಿಯ ಆ ಕಡೆ ಈಗ ರಾತ್ರಿ ಅತ್ತೆ," ಲಾಯರಮ್ಮ ಕನಿಕರದಿಂದ ತಿಳಿಸಿದಳು. "ರಾತ್ರಿ ಎಲ್ಲಿದ್ಯೋ ಅಲ್ಲಿಗೆ ಅವ್ನು ಹೋಗ್ತಾನೆ. ನಮ್ಮಲ್ಲಿಗೆ ಬರೋದು ನಾವು ಮಲಗಿದ್ಮೇಲೆ."

"ಸಹಿ ಯಾರ ಹತ್ರ ಹಾಕಿಸ್ಕೋತಾನೆ? ಸಹಿ ಇಲ್ದೆ ಪಾರ್ಸೆಲ್ ಕೊಟ್ರೆ ನಮ್ಮಲ್ಲಿ ಮೆಮೋ ಕೊಡ್ತಾರಪ್ಪ."

ಲಾಯರಮ್ಮ ಕಿಲಕಿಲ ನಕ್ಕಳು. ಜೀರುಂಡೆ ಮಾತ್ರ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಆ ನೊಣದ ಮೇಲೇ ಕಣ್ಣಿಟ್ಟಿದ್ದಳು. ಗಾಡಿ ದ್ವೀಪದಿಂದ ದ್ವೀಪಕ್ಕೆ ಹಾರಿತು, ಹಿಮದ ಬೆಟ್ಟ ಹತ್ತಿತು, ಯಾವುದೋ ನದಿಯ ಗುಂಟ ಬಂದಿತು. ಪ್ರತಿ ಟಿಣ್‌ಗೂ ಅವಳದೊಂದೇ ಪ್ರಶ್ನೆ.

"ಅಲ್ಲಿ ಏನು ಕೇಳ್ದ ಅತ್ತೆ?"

"ಅವನೇನು ಕೇಳ್ತಾನೆ ಮರಿ, ಕೊಟ್ಟು ಹೋಗ್ತಾನೆ."

"ಕೇಳಲ್ವಾ?" ಜೀರುಂಡೆಯ ಮುಖ ಸಣ್ಣದಾಯಿತು. ಮತ್ತೆ ಪರದೆಯ ಕಡೆ ತಿರುಗಿ, "ಅವ್ನಿಗೆ ಕಾಗದ ಬರೀಬಹುದಾ?" ಎಂದಳು.

ಪರದೆಯ ಕೆಳಗೆ ತಾತನಿಗೆ ಬರೆಯಲು ಒಂದು ಚೌಕವಿತ್ತು. ಅತ್ತೆ ಬೆರಳು ಸಿದ್ಧಮಾಡಿಕೊಂಡಳು. "ಹೇಳು. ಏನು ಬೇಕಂತ ಬರೀಲಿ? ಗೊಂಬೆನಾ, ಸೈಕಲ್ಲಾ?"

"ಏನೂ ಬೇಡ. ನಮ್ಮ ಆ ಮನೆ ಬಾಗಿಲಿಗೆ ಹೋಗಿ, 'ಇಲ್ಲಿದ್ದ ಇಬ್ರು ಮಕ್ಕಳು ಎಲ್ಲಿ' ಅಂತ ಒಂದ್ಸಲ ಕೇಳು. ಇವತ್ತೇ ಕೇಳು. ಅಷ್ಟೇ."

ಎಂಥ ಮಗುವಪ್ಪ ಇದು ಎಂದುಕೊಂಡೇ ಅತ್ತೆ, ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದು ಕಳಿಸಿದಳು. ಹಾಲು ಬಿಸಿ ಮಾಡಿದಳು, ಬ್ರೆಡ್ಡು ಸುಟ್ಟಳು. ಕಿಟಕಿಯಾಚೆ ಬೀದಿದೀಪ ಹತ್ತಿತು. ಗಾಡಿ ಈಗ ಒಂದು ದೊಡ್ಡ ಮರಳುಗಾಡಿನ ಮೇಲಿತ್ತು.

ಅಷ್ಟರಲ್ಲಿ ಗಾಡಿ ನಿಂತಿತು. ಟಿಣ್ ಎನ್ನಲಿಲ್ಲ. ಪರದೆಯ ನಡುವೆ ಬಿಳಿ ಚಕ್ರವೊಂದು ಗಿರಿಗಿರಿ ತಿರುಗತೊಡಗಿತು.

"ನೆಟ್ ಹೋಯ್ತು," ಎಂದಳು ಲಾಯರಮ್ಮ. "ಊರಿನವರೆಲ್ಲ ಅದನ್ನೇ ನೋಡ್ತಾ ಕೂತಿದ್ರೆ ಇನ್ನೇನಾಗತ್ತೆ!"

ಅತ್ತೆ ಮೇಜಿನ ಕೆಳಗೆ ತೂರಿ ವೈರು ಕಿತ್ತಳು, ಸಿಕ್ಕಿಸಿದಳು, ನೆಟ್ಟಿನ ಡಬ್ಬಿಯನ್ನು ಎರಡು ಸಲ ತಟ್ಟಿದಳು. ಲಾಯರಮ್ಮ ಕೆಂಪು ದೀಪ, ಹಸಿರು ದೀಪ ಎಂದು ವರದಿ ಕೊಡುತ್ತಿದ್ದಳು. ಐದು ನಿಮಿಷವಾದ ಮೇಲೆ ಅತ್ತೆ ತಲೆಗೂದಲಿನ ಧೂಳು ಕೊಡವುತ್ತ ಮೇಲೆದ್ದು ನೋಡುತ್ತಾಳೆ, ಕಂಬಳಿಯಲ್ಲಿ ಜೀರುಂಡೆ ಇಲ್ಲ.

ಮಲಗುವ ಕೋಣೆಯಲ್ಲಿಲ್ಲ. ಬಚ್ಚಲಲ್ಲಿಲ್ಲ. "ಜೀರುಂಡೇ!" ಎಂದು ಕೂಗುತ್ತ ಬಾಗಿಲ ಬಳಿ ಬಂದರೆ, ಶೂ ಇಡುವ ಸ್ಟ್ಯಾಂಡಿನ ಕೆಳತಟ್ಟಿನಲ್ಲಿ ಏನೋ ಕದಲಿತು. ಅಲ್ಲಿದ್ದ ಶೂಗಳನ್ನೆಲ್ಲ ಹೊರಗೆ ಸಾಲಾಗಿ ಜೋಡಿಸಿಟ್ಟು, ಆ ಜಾಗದಲ್ಲಿ ಮಗು ಮೊಣಕಾಲು ಮಡಿಸಿ ಕೂತಿತ್ತು. ಕೋಟು ಹಾಕಿತ್ತು, ಟೋಪಿ ಹಾಕಿತ್ತು. ತೊಡೆಯ ಮೇಲೆ ಬಂದ ದಿನದ ಅದೇ ಗಂಟು. ಅದರ ಮೇಲೆ ಮಧ್ಯಾಹ್ನದ ಎರಡು ಬಿಸ್ಕತ್ತು.

ಅತ್ತೆ ಅವಳೆದುರು ನೆಲದ ಮೇಲೆ ಕೂತಳು. "ಇಲ್ಲೇನು ಮಾಡ್ತಿದ್ದೀಯೇ?"

"ಕಾಯ್ತಿದ್ದೀನಿ."

"ಯಾರನ್ನ?"

"ಚೀಲದವ್ರನ್ನ." ದನಿಯಲ್ಲಿ ಅಳುವಿರಲಿಲ್ಲ, ಬಸ್ಸಿಗೆ ಕಾಯುವವರ ದನಿ. "ಇವತ್ತಿಗೆ ಇಪ್ಪತ್ತೊಂದು ದಿನ ಆಯ್ತಲ್ಲ. ತಾತನಾದ್ರೂ ಕೇಳ್ತಾನೆ ಅಂದ್ಕೊಂಡೆ. ಅವನೂ ನಿಂತ್ಹೋದ. ಅತ್ತೆ, ಚೀಲದೊಳಗೆ ಅಕ್ಕನೂ ನಾನೂ ಒಟ್ಗೇ ಇರ್ತೀವಾ, ಬೇರೆ ಬೇರೆನಾ?"

ಹಿಂದೆ ಬಂದು ನಿಂತ ಲಾಯರಮ್ಮ ತನ್ನ ಕಕ್ಷಿದಾರಳ ಪರವಾಗಿ ತಲೆ ತಗ್ಗಿಸಿಕೊಂಡು ಹೇಳಿದಳು: "ನೀವೇ ಹೇಳಿದ್ರಲ್ಲ ಅತ್ತೆ, ನಾವು ವಿಳಾಸ ತಪ್ಪಿ ಬಂದ ಪಾರ್ಸೆಲ್ಲು ಅಂತ. ಅದು ತಮಾಷೆ ಅಂತ ನಾನು ಇವಳಿಗೆ ಹೇಳ್ದೆ. 'ಹಂಗಾದ್ರೆ ಅವತ್ತೊಂದಿನ ಬಿಟ್ರೆ ಅಪ್ಪ ಯಾಕೆ ಮತ್ತೆ ಫೋನ್ ಮಾಡಿ ಕೇಳಲ್ಲ' ಅಂದ್ಳು. ಅದಕ್ಕೆ ನಾನು ಸಾಕ್ಷಿ ಎಲ್ಲಿಂದ ತರ್ಲಿ?"

ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೂರು ವಾರ. ಆ ಐದು ವರ್ಷದ ಜೀವ ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಹಾಲು ಕುಡಿದು, ಹಾಡು ಹೇಳಿ, ರಾತ್ರಿ ಕಂಬಳಿಯೊಳಗೆ ಬೆರಳು ಮಡಿಸಿ ಲೆಕ್ಕ ಹಾಕಿಕೊಂಡು ಮಲಗುತ್ತಿತ್ತು. ಪ್ರಪಂಚದ ಪಾರ್ಸೆಲ್‌ಗಳಿಗೆಲ್ಲ ಚೀಟಿ ಅಂಟಿಸುವ ತಾನು, ಮನೆಯ ಪಾರ್ಸೆಲ್ಲಿಗೆ ಬಂದ ಫೋನನ್ನು ಬಚ್ಚಿಟ್ಟುಕೊಂಡಿದ್ದಳು.

"ಬಾ ಇಲ್ಲಿ," ಎಂದು ಮಗುವನ್ನು ಗಂಟಿನ ಸಮೇತ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಕ್ಯಾಲೆಂಡರಿನ ಮುಂದೆ ನಿಂತಳು. "ಓದು ಲಾಯರಮ್ಮ. ಜೋರಾಗಿ ಓದು."

"ಅಣ್ಣ, ಒಂಬತ್ತು ಇಪ್ಪತ್ತು. ಅಣ್ಣ, ಒಂಬತ್ತು ಮೂವತ್ತೈದು. ಅಣ್ಣ, ಒಂಬತ್ತು ಹದಿನೈದು, ಅತ್ತಿಗೆ ಕೂಡ..." ಲಾಯರಮ್ಮನ ಬೆರಳು ಚೌಕದಿಂದ ಚೌಕಕ್ಕೆ ಜಿಗಿಯಿತು. ಒಂದು ದಿನವೂ ಖಾಲಿಯಿರಲಿಲ್ಲ. "ಇಪ್ಪತ್ತು ಸಲ! ದಿನಾ ಮಾಡಿದ್ದಾರಾ?" ಆಮೇಲೆ ಕಣ್ಣು ಕಿರಿದು ಮಾಡಿದಳು. "ಇದನ್ನ ನೀವು ಇವತ್ತೇ ಕೂತು ಬರೆದಿದ್ದಲ್ಲ ಅಂತ ಏನು ಗ್ಯಾರಂಟಿ?"

"ಪೆನ್ನು ನೋಡೇ ತಾಯಿ! ಒಂದೊಂದು ದಿನ ಒಂದೊಂದು ಶಾಯಿ. ಇಲ್ಲಿ ಪೆನ್ಸಿಲ್ಲು."

ಲಾಯರಮ್ಮ ಹತ್ತಿರದಿಂದ ಪರೀಕ್ಷಿಸಿ ತಲೆದೂಗಿದಳು. ಆದರೆ ಜೀರುಂಡೆಗೆ ಓದಲು ಬರುತ್ತಿರಲಿಲ್ಲ. ಅವಳು ಅತ್ತೆಯ ಮುಖವನ್ನೇ ನೋಡುತ್ತಿದ್ದಳು, ಇದೂ ತಮಾಷೆಯಿರಬಹುದೇ ಎಂಬ ಹಾಗೆ.

ಅತ್ತೆ ಗಡಿಯಾರ ನೋಡಿದಳು. ಇನ್ನೂ ಏಳು. ಅಣ್ಣ ವಾರ್ಡಿನಲ್ಲಿರುವ ಹೊತ್ತು. ಇರಲಿ ಎಂದು ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಬಾಯಿಯ ಮೇಲೆ ಬೆರಳಿಟ್ಟು ಮಕ್ಕಳಿಗೆ ಸುಮ್ಮನಿರಲು ಸನ್ನೆ ಮಾಡಿದಳು.

ಎರಡನೇ ಸದ್ದಿಗೇ ಅಣ್ಣ ಎತ್ತಿದ. ಪಿಸುದನಿ. "ಏನೇ, ಇಷ್ಟು ಬೇಗ? ಮಕ್ಕಳು ಹುಷಾರಾಗಿದ್ದಾರಾ? ಜೀರುಂಡೆ ಊಟ ಮಾಡಿದ್ಳಾ? ನಿನ್ನೆ ಕೆಮ್ಮು ಅಂದ್ಯಲ್ಲ, ಹೇಗಿದೆ? ದೊಡ್ಡವಳು ಸುಮ್ನೆ ಇರ್ತಾಳೆ ಅಂತ ಅವಳನ್ನ ವಿಚಾರಿಸದೆ ಬಿಡಬೇಡ ಕಣೇ, ಅವಳು ಒಳಗೊಳಗೇ..." ಹಿಂದಿನಿಂದ ಅತ್ತಿಗೆಯ ದಣಿದ ದನಿ ಸೇರಿಕೊಂಡಿತು: "ಚಿಕ್ಕವಳು ರಾತ್ರಿ ಕಾಲಿಗೆ ಸಾಕ್ಸ್ ಹಾಕ್ತಾಳಾ ಕೇಳ್ರೀ. ಕಿತ್ತುಹಾಕ್ತಾಳೆ ಅವಳು."

ಲಾಯರಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಜೀರುಂಡೆ ಒಮ್ಮೆ ಬಿಕ್ಕಿದಳು. ಫೋನಿನ ಹತ್ತಿರ ಬಾಯಿ ತಂದು, "ಅಪ್ಪ, ಇನ್ನೊಂದ್ಸಲ ಕೇಳಿ," ಎಂದಳು.

"ಕಂದಾ? ಏನು ಕೇಳ್ಲಿ?"

"ನಮ್ಮನ್ನ."

ಅಣ್ಣನಿಗೆ ಏನು ಅರ್ಥವಾಯಿತೋ, ಎಷ್ಟು ಅರ್ಥವಾಯಿತೋ. ಅವನು ನಿಧಾನವಾಗಿ ಕೇಳಿದ: "ನನ್ನ ಲಾಯರಮ್ಮ ಎಲ್ಲಿ? ನನ್ನ ಜೀರುಂಡೆ ಎಲ್ಲಿ?"

"ಇಲ್ಲಿದ್ದೀವಿ!" ಎಂದು ಇಬ್ಬರೂ ಕಿರುಚಿದ್ದಕ್ಕೆ ಆಸ್ಪತ್ರೆಯಲ್ಲಿ ಯಾರೋ ಶ್ ಎಂದರು.

ಈ ಸಲ ಹಾಲು ಯಾರ ಮಡಿಲಿಗೂ ಬರಲಿಲ್ಲ. ಅಳು ಬಂತು, ಬೇಕಾದಷ್ಟು ಬಂತು, ಅತ್ತೆ ತಡೆಯಲಿಲ್ಲ. ಅಮ್ಮ ಮಾತಾಡಿದಳು. ಡಾಕ್ಟರು ಇನ್ನೆರಡು ವಾರ ಅನ್ನುತ್ತಾರೆ, ಮೂರೂ ಆಗಬಹುದು ಎಂದಳು. ಪಾಪು ನಿನ್ನೆಗಿಂತ ಇಪ್ಪತ್ತು ಗ್ರಾಂ ಜಾಸ್ತಿಯಾಗಿದ್ದಾನೆ ಎಂದಳು.

"ಪಾಪು ಆ ಗಾಜಿನ ಪೆಟ್ಟಿಗೇಲಿ ಎಷ್ಟು ದಿನದಿಂದ ಇದ್ದಾನೆ?" ಲಾಯರಮ್ಮ ಕಣ್ಣೊರೆಸಿಕೊಂಡು ಕೇಳಿದಳು.

"ಇವತ್ತಿಗೆ ಇಪ್ಪತ್ತೆರಡು ಪುಟ್ಟಾ."

ಜೀರುಂಡೆ ಅತ್ತೆಯ ಕುತ್ತಿಗೆ ಹಿಡಿದು ಸೆಟೆದು ಕೂತಳು. "ಅಯ್ಯೋ! ಒಂದು ದಿನ ಜಾಸ್ತಿನೇ ಆಗೋಯ್ತಲ್ಲ! ಅವನನ್ನ ಯಾರೂ ಕೇಳಿಲ್ವಾ? ಅಪ್ಪಾ, ಬೇಗ ಹೋಗಿ ಅಲ್ಲಿಯವ್ರಿಗೆ ಹೇಳಿ, ನಾವು ಕೇಳಿದ್ದೀವಿ ಅಂತ. ಅವನು ನಮ್ಮವನು ಅಂತ. ಈಗ್ಲೇ!"

ಅಣ್ಣ ಆಗಲೇ ಹೊರಟ. ಫೋನಿನಲ್ಲಿ ಅವನ ಹೆಜ್ಜೆಯ ಸದ್ದು, ಬಾಗಿಲು ತೆರೆದ ಸದ್ದು, ಯಾವುದೋ ಯಂತ್ರದ ಸಣ್ಣ ಬೀಪ್ ಬೀಪ್. "ಸಿಸ್ಟರ್, ಈ ಮಗೂನ ಕೇಳಿದ್ದಾರೆ," ಎಂದ. "ಯಾರು?" ಎಂದಳು ನರ್ಸಮ್ಮ. "ಅವನ ಅಕ್ಕಂದಿರು." ನರ್ಸಮ್ಮನ ದನಿ ಬಂತು, ನಗುವಿತ್ತೋ ಏನೋ: "ಹಾಗಾದ್ರೆ ಜೋಪಾನವಾಗಿ ನೋಡ್ಕೋಬೇಕು. ಬರ್ಕೋತೀನಿ."

ಫೋನಿಟ್ಟ ಮೇಲೆ ಅತ್ತೆ ಕೈಚೀಲದಿಂದ ಹಳದಿ ಚೀಟಿಗಳ ಕಟ್ಟು ತೆಗೆದಳು. ಮೂರು ಚೀಟಿಗಳ ಮೇಲೆ 'ಕೇಳಿದ್ದಾರೆ' ಎಂದು ಬರೆದು ತಾರೀಕು ಹಾಕಿದಳು. ಠಸ್ಸೆಯಿಲ್ಲದೆ ಚೀಟಿ ಚಲಾವಣೆಯಾಗುವುದಿಲ್ಲವೆಂದು ಲಾಯರಮ್ಮ ಆಕ್ಷೇಪಿಸಿದ್ದರಿಂದ, ತುಟಿಗೆ ಹಚ್ಚುವ ಬಣ್ಣವನ್ನು ಹೆಬ್ಬೆರಳಿಗೆ ಹಚ್ಚಿಕೊಂಡು ಮೂರಕ್ಕೂ ಒತ್ತಿದಳು. ಒಂದು ಲಾಯರಮ್ಮನ ತೋಳಿಗೆ, ಒಂದು ಜೀರುಂಡೆಯ ಹೊಟ್ಟೆಗೆ. ಪಾಪುವಿನದು ಕ್ಯಾಲೆಂಡರಿಗೆ.

"ಇನ್ಮೇಲೆ ಅಪ್ಪ ಫೋನ್ ಮಾಡಿದ್ರೆ ನನ್ನ ಎಬ್ಬಿಸು," ಎಂದಳು ಜೀರುಂಡೆ. ಮೂರು ವಾರ 'ನೀವು' ಎನ್ನುತ್ತಿದ್ದವಳು ಗದರಿಸುವಾಗ ಅದನ್ನು ಮರೆತೇಬಿಟ್ಟಿದ್ದಳು. "ನಾನು ಅತ್ರೂ ಎಬ್ಬಿಸು."

"ಎಬ್ಬಿಸ್ತೀನಿ. ತಪ್ಪಾಯ್ತು ಮಾರಾಯ್ತಿ."

ಅಷ್ಟರಲ್ಲಿ ಮೇಜಿನ ಮೇಲೆ ಟಿಣ್ ಎಂದಿತು. ಗಾಡಿ ಮರಳುಗಾಡು ದಾಟಿ ಸಮುದ್ರದ ಅಂಚಿಗೆ ಬಂದಿತ್ತು. ಅವರ ಊರಿಗಿನ್ನೂ ಬಹಳ ದೂರ. ಮಕ್ಕಳು ಮತ್ತೆ ಕಂಬಳಿಯೊಳಗೆ ತೂರಿದರು, ಬಿಸ್ಕತ್ತು ಹಂಚಿಕೊಂಡರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ಮೂರು ವಾರ ಅದಕ್ಕೇ ತಲೆನೋವೆನ್ನುತ್ತಿದ್ದ ಅತ್ತೆ ಈಗ ಕಿವಿಗೊಟ್ಟು ಕೇಳಿದಳು.

"ಅತ್ತೆ," ಜೀರುಂಡೆಯ ರೆಪ್ಪೆ ಭಾರವಾಗಿತ್ತು. "ತಾತ ಒಬ್ನೇ ಅಷ್ಟು ದೂರ ಹೋಗ್ತಾನಲ್ಲ. ದಾರಿ ತಪ್ಪಿದ್ರೆ ಅವನನ್ನ ಯಾರು ಕೇಳ್ತಾರೆ?"

ಅತ್ತೆ ಪರದೆಯ ಕಡೆ ನೋಡಿದಳು. ನೀಲಿ ಕತ್ತಲಿನ ಮೇಲೆ ನೊಣದಷ್ಟು ದೊಡ್ಡ ಕೆಂಪು ಟೋಪಿ ಏಳು ಸಮುದ್ರದ ದಾರಿ ಹಿಡಿದು ಹೊರಟಿತ್ತು.

"ಲೋಕದ ಮಕ್ಕಳೆಲ್ಲ ಹೀಗೇ ಕಂಬಳಿ ಹೊದ್ದು, ಈಗ ಎಲ್ಲಿದ್ದಾನೆ, ಈಗ ಎಲ್ಲಿದ್ದಾನೆ ಅಂತ ಕೇಳ್ತಾನೇ ಇದ್ದಾರಲ್ಲೇ," ಎಂದಳು. "ಅವನೆಲ್ಲಿ ಕಳೆದುಹೋಗ್ತಾನೆ?"

ಜೀರುಂಡೆ ಅದನ್ನು ಒಪ್ಪಿಕೊಂಡಳು. ಹೊಟ್ಟೆಯ ಮೇಲಿನ ಚೀಟಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಅತ್ತೆಯ ತೋಳಿಗೆ ಒರಗಿ ನಿದ್ದೆ ಹೋದಳು. ಅತ್ತೆ ಹುಷಾರಾಗಿ ಕೈ ಚಾಚಿ, ಅವಳು ಆಗಲೇ ಕಿತ್ತುಹಾಕಿದ್ದ ಒಂದು ಸಾಕ್ಸನ್ನು ಮತ್ತೆ ಕಾಲಿಗೇರಿಸಿದಳು.